ಅವರ ಹಿಡಿಗೆ ತಕ್ಕ ಬೂಮು

ಒಂದೇ ಉದ್ದದ ಎರಡು ಹಸಿ ಬೊಂಬನ್ನು ಸೈಕಲ್ಲಿಗೆ ಕಟ್ಟಿಕೊಂಡು ಹಾಡುಹಗಲಲ್ಲಿ ನಿಮ್ಮ ಬೀದಿಯೊಳಗೆ ಯಾವತ್ತಾದರೂ ಬಂದಿದ್ದೀರಾ? ಇಲ್ಲವಾದರೆ ಒಂದು ಸಲ ಬಂದು ನೋಡಿ. ಆಮೇಲೆ ನಿಮ್ಮ ಅತ್ತೆ ನಿಮ್ಮನ್ನು ಮಾತಾಡಿಸುತ್ತಾರೋ ಇಲ್ಲವೋ ನನಗೆ ಹೇಳಿ.

ನಾವು ಬಂದಿದ್ದೇವೆ, ಗಂಡ ಹೆಂಡತಿ ಇಬ್ಬರೂ, ತುಮಕೂರಿನ ಉಪ್ಪಾರಹಳ್ಳಿಯಲ್ಲಿ. ಕೇಬಲ್ ಬಂದು ಮನೆಮನೆಯ ಆಂಟೆನಾಗಳು ಕೆಳಗಿಳಿಯುತ್ತಿದ್ದ ಕಾಲ ಅದು. ಸೈಕಲ್ಲು ತಳ್ಳುತ್ತಿದ್ದವರು ಅವರು, ಹಿಂದೆ ಬೊಂಬಿನ ತುದಿ ಹಿಡಿದುಕೊಂಡಿದ್ದವಳು ನಾನು.

ಮೊಮ್ಮಗಳು ಈಚೆಗೆ ನನಗೆ ಫೋನಿನಲ್ಲಿ ಕನ್ನಡ ಒತ್ತುವುದನ್ನು ಕಲಿಸಿಕೊಟ್ಟಳು. 'ದಿನಾ ಗುಡ್ ಮಾರ್ನಿಂಗ್ ಹೂವು ಕಳಿಸ್ಬೇಡ ಅಜ್ಜಿ, ಏನಾದ್ರೂ ಬರಿ' ಎಂದಳು. ತಾತನ ವಿಷಯ ಬರೆಯೋಣವೆನಿಸಿತು. ಅವಳು ಹುಟ್ಟುವ ಮೊದಲೇ ಅವರು ಹೋಗಿಬಿಟ್ಟರು. ಗೋಡೆಯ ಮೇಲಿನ ಫೋಟೋದಲ್ಲಿ ಟೈ ಕಟ್ಟಿಕೊಂಡು ಗಂಭೀರವಾಗಿ ಕೂತಿರುವ ಆ ಮನುಷ್ಯ ನಮ್ಮವರೇ ಅಲ್ಲ. ಟೈ ಸ್ಟುಡಿಯೋದವರದು.

ಅವರು ಗುಬ್ಬಿಯ ಹೈಸ್ಕೂಲಿನಲ್ಲಿ ಪಿ.ಟಿ. ಮೇಷ್ಟ್ರು. ದಿನಾ ರೈಲಿನಲ್ಲಿ ಹೋಗಿ ರೈಲಿನಲ್ಲಿ ಬರುತ್ತಿದ್ದರು. ಹೋಗುವಾಗ ಕಣ್ಣು ಹತ್ತಿತೆಂದರೆ ಗುಬ್ಬಿ ದಾಟಿ ನಿಟ್ಟೂರಿನಲ್ಲಿ ಇಳಿದು, ಯಾರದಾದರೂ ಬೈಕಿನ ಹಿಂದೆ ಕೂತು ವಾಪಸ್ಸು ಬರುವವರು. ಒಂದು ಬೇಸಿಗೆಯಲ್ಲಿ ಮೇಷ್ಟ್ರುಗಳಿಗೆಲ್ಲ ಸಮುದ್ರದ ದಡದಲ್ಲಿ ತರಬೇತಿ ಶಿಬಿರವಿತ್ತು. ಅಲ್ಲಿ ಹಲಗೆಯ ಮೇಲೆ ನಿಂತು, ಪಟ ಹಿಡಿದು, ಗಾಳಿಯಲ್ಲಿ ನೀರಿನ ಮೇಲೆ ಓಡುವ ಆಟ ನೋಡಿದರಂತೆ. ವಿಂಡ್‌ಸರ್ಫಿಂಗ್ ಅಂತ ಅದರ ಹೆಸರು. ಇವರನ್ನೂ ಒಂದು ಗಳಿಗೆ ನಿಲ್ಲಿಸಿದರಂತೆ. ಆ ಒಂದು ಗಳಿಗೆಯನ್ನು ಮನೆಯಲ್ಲಿ ಒಂದು ತಿಂಗಳು ಹೇಳಿದರು.

ಬರುವಾಗ ಬರಿಗೈಯಲ್ಲಿ ಬರಲಿಲ್ಲ. ಅಲ್ಲಿ ಹಳೆಯದೆಂದು ಬಿಸಾಕಿದ್ದ ಒಂದು ಹಲಗೆ, ಒಂದು ಕಂಬ, ಹರಿದ ಒಂದು ಪಟವನ್ನು ಶಿಬಿರದ ಸಾಹೇಬರ ಹತ್ತಿರ ಬೇಡಿ, ಲಾರಿಯ ಮೇಲೆ ಹಾಕಿಸಿಕೊಂಡು ತಂದರು. ಪಟವನ್ನು ನಾನು ಹೊಲಿಗೆ ಮಿಷನ್ನಿನಲ್ಲಿ ತೇಪೆ ಹಾಕಿ ಹೊಲಿದೆ. ಇಲ್ಲದೇ ಇದ್ದದ್ದು ಬೂಮು ಮಾತ್ರ. ಅದು ಮುರಿದಿತ್ತಂತೆ, ಅದಕ್ಕೇ ಮಿಕ್ಕದ್ದನ್ನೂ ಬಿಸಾಕಿದ್ದರು.

ಬೂಮು ಎಂದರೆ ಏನೆಂದು ಹೇಳಿಬಿಡುತ್ತೇನೆ. ಎರಡು ಬಿಲ್ಲನ್ನು ಎದುರುಬದುರು ಇಟ್ಟು ಎರಡು ತುದಿಯಲ್ಲೂ ಕೂಡಿಸಿ ಕಟ್ಟಿದರೆ ಹೇಗಿರುತ್ತದೆ, ಹಾಗೆ. ಪಟದ ಆಚೆಗೊಂದು ತೋಳು, ಈಚೆಗೊಂದು ತೋಳು. ಮುಂದಿನ ತುದಿಯನ್ನು ಕಂಬಕ್ಕೆ ಬಿಗಿಯಬೇಕು. ಹಲಗೆಯ ಮೇಲೆ ನಿಂತವನು ಹಿಡಿದುಕೊಳ್ಳುವುದು ಅದನ್ನೇ. ಪಟದೊಳಗೆ ತುಂಬಿದ ಗಾಳಿಯೆಲ್ಲ ಅವನ ಎರಡು ಕೈಯ ಮೂಲಕವೇ ಹಲಗೆಗೆ ಬರಬೇಕು. ಅದು ಮುರಿದರೆ ಆಟ ಮುಗಿಯಿತು.

ನನ್ನ ತವರು ಕುಣಿಗಲ್. ತಮ್ಮನ ಮನೆ ದೊಡ್ಡಕೆರೆಯ ಏರಿಯಿಂದ ಒಂದು ಕೂಗಳತೆ. ಹಲಗೆಯನ್ನು ಅವನ ಕೊಟ್ಟಿಗೆಯಲ್ಲಿ ಇಟ್ಟೆವು. ಆಷಾಢದಲ್ಲಿ ಆ ಕೆರೆಯ ಮೇಲೆ ಬೀಸುವ ಗಾಳಿ ನನಗೆ ಹುಟ್ಟಿದಾಗಿನಿಂದ ಗೊತ್ತು. ಏರಿಯ ಮೇಲೆ ನಡೆದರೆ ಸೆರಗು ಮೈಮೇಲೆ ನಿಲ್ಲುವುದಿಲ್ಲ. 'ಈ ಕೆರೇನ ಒಂದ್ಸಲ ಈ ದಡದಿಂದ ಆ ದಡಕ್ಕೆ ಪಟ ಹಿಡ್ಕೊಂಡು ದಾಟ್ಬೇಕು ಕಣೇ. ಒಂದೇ ಸಲ' ಎನ್ನುತ್ತಿದ್ದರು.

ಒಂದೇ ಸಲ ಎನ್ನುವುದಕ್ಕೆ ಕಾರಣವಿತ್ತು. ಆ ವರ್ಷವೇ ಅವರ ಎಡಗೈಗೆ ಸ್ಕೂಟರಿನ ಕ್ಲಚ್ ಒತ್ತಲು ಆಗದೇ ಹೋಯಿತು. ಆಮೇಲೆ ಶರ್ಟಿನ ಗುಂಡಿ. ಆಮೇಲೆ ಕಾಫಿ ಲೋಟ. ಬೆಂಗಳೂರಿನ ದೊಡ್ಡ ಆಸ್ಪತ್ರೆಯಲ್ಲಿ ತೋರಿಸಿದೆವು. ಕೈ ಆಡಿಸುವ ನರಗಳು ಒಂದೊಂದಾಗಿ ಸಾಯುತ್ತಿವೆ, ಔಷಧಿ ಇಲ್ಲ, ಮೊದಲು ಕೈ ಹೋಗುತ್ತದೆ ಎಂದರು ಡಾಕ್ಟರು. ಆಮೇಲೆ ಏನು ಎಂದು ನಾನು ಕೇಳಲಿಲ್ಲ. ಇವರು ಕೇಳಿದರು. ಬಸ್ಸಿನಲ್ಲಿ ವಾಪಸ್ಸು ಹೊರಟೆವು. ದಾಬಸ್‌ಪೇಟೆ ಹತ್ತಿರ ಬಂದಾಗ, 'ಈ ಆಷಾಢಕ್ಕೆ ಬೂಮ್ ರೆಡಿ ಆಗ್ಬೇಕು' ಎಂದರು.

ಹೀಗೆ ಬೂಮು ಹುಡುಕಲು ಹೊರಟೆವು.

ಮೊದಲು ನೀರಿನ ನಲ್ಲಿಗೆ ಹಾಕುವ ಕಬ್ಬಿಣದ ಪೈಪು ನೋಡಿದೆವು. ಗಟ್ಟಿಯೇನೋ ಗಟ್ಟಿ, ಅದನ್ನು ಕಟ್ಟಿದರೆ ಪಟವನ್ನು ನೀರಿನಿಂದ ಎತ್ತಲು ಭೀಮನೇ ಬರಬೇಕು. ಆಮೇಲೆ ಆಂಟೆನಾ ಕಡ್ಡಿ. ಬೀದಿಯವರೆಲ್ಲ ಬಿಚ್ಚಿ ಹಾಕಿದ್ದ ಅಲ್ಯುಮಿನಿಯಂ ಕಡ್ಡಿಗಳನ್ನು ಇವರು ಗುಡ್ಡೆ ಹಾಕಿದರು. ನಾನು ಮೊಣಕಾಲಿಗೆ ಇಟ್ಟು ಅದುಮಿದೆ, ಹೀರೇಕಾಯಿ ಬಳ್ಳಿಯ ಹಾಗೆ ಬಾಗಿತು. ಬೆಂಗಳೂರಿನಿಂದ ದಪ್ಪ ಅಲ್ಯುಮಿನಿಯಂ ಪೈಪು ತರಿಸಿದರೆ ಅದು ಬಾಗಲಿಲ್ಲ, ಆದರೆ ಅವರ ಬೆರಳು ಅದರ ಸುತ್ತ ಕೂಡಲಿಲ್ಲ. ಗಟ್ಟಿ ಬೇಕೆಂದರೆ ದಪ್ಪ ಇರಬೇಕು, ಅವರ ಕೈಗೆ ಹಿಡಿತ ಸಿಗಬೇಕೆಂದರೆ ಸಣ್ಣ ಇರಬೇಕು. ಈ ಎರಡರ ನಡುವೆ ಸಿಕ್ಕಿಕೊಂಡೆವು.

ಯಾವ ದಪ್ಪ ಹಿಡಿಯಲು ಆಗುತ್ತದೆ ಎಂದು ಮನೆಯಲ್ಲಿದ್ದದ್ದನ್ನೆಲ್ಲ ಹಿಡಿದು ನೋಡಿದರು. ಕಿಟಕಿ ಸರಳು ಸಣ್ಣದಾಯಿತು, ಒನಕೆ ದಪ್ಪವಾಯಿತು. ಕೊನೆಗೆ ನನ್ನ ಚಪಾತಿ ಲಟ್ಟಣಿಗೆ ಸರಿಹೋಯಿತು. ಅವತ್ತಿನಿಂದ ಲಟ್ಟಣಿಗೆಯನ್ನು ಬ್ಯಾಗಿನಲ್ಲಿ ಹಾಕಿಕೊಂಡು ಅಂಗಡಿ ಅಂಗಡಿಗೆ ಹೋಗುವುದು ನನ್ನ ಕೆಲಸ. ಒಬ್ಬ ಹಾರ್ಡ್‌ವೇರ್ ಅಂಗಡಿಯವನು ನಾನು ಅದನ್ನು ಹೊರಗೆ ತೆಗೆದದ್ದು ನೋಡಿ, 'ಅಕ್ಕಾ, ಮೇಷ್ಟ್ರಿಗೆ ಮನೇಲೇ ಬಾರ್ಸಕ್ಕ, ಇಲ್ಲಿ ಗಿರಾಕಿ ಇದಾರೆ' ಎಂದ. 'ಮನೇದು ಮುಗೀತು ಕಣಪ್ಪ, ಇದು ಎಕ್ಸ್‌ಟ್ರಾ' ಎಂದೆ ನಾನು. ಇವರು ಎಷ್ಟು ನಕ್ಕರೆಂದರೆ ಅಂಗಡಿಯ ಬೆಂಚಿನ ಮೇಲೆ ಕೂತುಬಿಟ್ಟರು. ಆ ನಗು ನೋಡಲಿಕ್ಕೇ ನಾನು ಆಮೇಲೆ ಬೇಕೆಂದೇ ಲಟ್ಟಣಿಗೆಯನ್ನು ಎತ್ತಿ ಎತ್ತಿ ತೋರಿಸುತ್ತಿದ್ದೆ.

ಲಟ್ಟಣಿಗೆಯಷ್ಟು ಸಣ್ಣ, ಆದರೂ ಮುರಿಯದ್ದು ಎಂದರೆ ಬಿದಿರೇ. ಒಳಗೆ ಟೊಳ್ಳಿಲ್ಲದ, ಪೊಲೀಸರ ಲಾಠಿಗೆ ಬಳಸುವಂಥ ಗಟ್ಟಿ ಬಿದಿರು. ಹಸಿಯಾಗಿದ್ದಾಗಲೇ ಬೆಂಕಿಗೆ ಹಿಡಿದು ಬಿಲ್ಲಿನ ಹಾಗೆ ಬಗ್ಗಿಸಬೇಕು. ಎರಡೂ ಒಂದೇ ಮೆಳೆಯದಾಗಿರಬೇಕು, ಆಗಲೇ ಎರಡು ತೋಳೂ ಗಾಳಿಗೆ ಒಂದೇ ಸಮ ಬಗ್ಗುತ್ತವೆ. ಇಲ್ಲವಾದರೆ ಭಾರವೆಲ್ಲ ಎಳೆಯದರ ಮೇಲೆ ಬೀಳುತ್ತದೆ. ಇದನ್ನು ಅವರು ಹಾಳೆಯ ಮೇಲೆ ಚಿತ್ರ ಬರೆದು ನನಗೆ ತಿಳಿಸಿದ್ದರು.

ಪೇಟೆಯ ಬೊಂಬಿನ ಅಂಗಡಿಯಲ್ಲಿ ಅಂಥ ಎರಡು ಸಿಕ್ಕವು. ಒಂದೇ ಮೆಳೆ, ಒಂದೇ ದಪ್ಪ. ಮನುಷ್ಯನ ಉದ್ದಕ್ಕಿಂತ ಒಂದು ಮೊಳ ಹೆಚ್ಚಿಗೆ ಕತ್ತರಿಸಿಕೊಡು ಎಂದರು ಇವರು. ಅಂಗಡಿಯವನು ಮಚ್ಚು ಕೆಳಗಿಟ್ಟ.

'ಯಾರ್ ಹೋಗ್ಬುಟ್ರು ಮೇಷ್ಟ್ರೇ?'

'ಯಾರೂ ಹೋಗಿಲ್ಲ ಕಣಯ್ಯ. ನಾನೇ ಹೋಗೋನು, ಕುಣಿಗಲ್ ಕೆರೆ ಮೇಲೆ.'

'ಬುಡ್ತು ಅನ್ನಿ ಸ್ವಾಮಿ! ಜೋಡಿ ಹಸಿ ಬೊಂಬು ತಗಂಡೋಗೋದು ಚಟ್ಟಕ್ಕೇಯ. ಒಂದ್ ತಗಳಿ, ಇಲ್ಲಾ ಮೂರ್ ತಗಳಿ. ಎರಡ್ ಮಾತ್ರ ಬ್ಯಾಡಿ.'

ನಮ್ಮ ಕಡೆ ಇದು ಎಲ್ಲರಿಗೂ ಗೊತ್ತಿರುವುದೇ. 'ಮೂರೇ ತಗೊಳ್ಳೋಣ ಕಣ್ರೀ, ಇನ್ನೊಂದರ ಮೇಲೆ ಬಟ್ಟೆ ಒಣಗಾಕ್ತೀನಿ' ಎಂದೆ. ಇವರು ಒಪ್ಪಲಿಲ್ಲ. 'ಬೊಂಬು ಕೊಳ್ಳೋಕೇ ಹೆದರ್ಕೊಂಡ್ರೆ ನೀರಿನ ಮೇಲೆ ಹೆಂಗೆ ನಿಂತ್ಕೊಳ್ಳೋದು? ಎರಡು ಕೊಡಯ್ಯ' ಎಂದರು. ಅವನು ಕೊಟ್ಟ. ಹೇಳಿದ ರೇಟಿಗೆ ನಾನೂ ಚೌಕಾಸಿ ಮಾಡಲಿಲ್ಲ. ಜೋಡಿ ಬೊಂಬಿಗೆ ಚೌಕಾಸಿ ಮಾಡಬಾರದು ಎನ್ನುವುದು ಬಾಯಿಗೆ ಅಷ್ಟು ರೂಢಿಯಾಗಿಬಿಟ್ಟಿತ್ತು.

ಬೀದಿಯೊಳಗೆ ಬಂದೆವು. ಎದುರು ಮನೆಯಾಕೆ ಒಲೆ ಆರಿಸಿ, ಸೆರಗು ಹೊದ್ದು, ಅಳುವುದಕ್ಕೆ ತಯಾರಾಗಿಯೇ ಓಡಿ ಬಂದರು. ನಮ್ಮ ಅತ್ತೆ ಬಾಗಿಲಲ್ಲಿ ನಿಂತಿದ್ದು ಕಂಡು ಅಲ್ಲೇ ನಿಂತರು. ಅತ್ತೆ ಅಲ್ಲ ಅಂದಮೇಲೆ ಇನ್ಯಾರು ಎಂದು ನಮ್ಮಿಬ್ಬರನ್ನೂ ಎಣಿಸಿ ನೋಡಿದರು. ಹಾಸ್ಟೆಲಿನಲ್ಲಿದ್ದ ನಮ್ಮ ಮಗಳನ್ನು ನೆನೆಸಿಕೊಳ್ಳುವ ಮೊದಲೇ ನಾನು 'ಏನೂ ಆಗಿಲ್ಲಕ್ಕಾ, ಆಟದ್ ಸಾಮಾನು' ಎಂದು ಕೂಗಿ ಹೇಳಿದೆ.

ಅತ್ತೆ ಮಾತ್ರ ಬಾಗಿಲಿನ ಎರಡೂ ಕಡೆ ಕೈ ಚಾಚಿ ನಿಂತಿದ್ದರು.

'ನಿಲ್ಸು ಅಲ್ಲೇ. ಯಾರ್ಗೋ ಅದು?'

'ನಂಗೇ ಕಣವ್ವಾ. ಆಡಕ್ಕೆ.'

'ನಿಂಗಾ?' ಅತ್ತೆಯ ದನಿ ಇಳಿಯಿತು. 'ನಾನಿನ್ನೂ ಬದ್ಕಿವ್ನಿ ಕಣೋ. ನನ್ ಕಣ್ಮುಂದೆ ನಿಂಗ್ ನೀನೇ ಬೊಂಬ್ ತತ್ತೀಯಾ?'

ಡಾಕ್ಟರು ಹೇಳಿದ್ದನ್ನು ನಾವು ಅತ್ತೆಗೆ ಹೇಳಿರಲಿಲ್ಲ. ಕೈಗೆ ಸ್ವಲ್ಪ ನಿಶ್ಶಕ್ತಿ, ಟಾನಿಕ್ಕು ಕೊಟ್ಟಿದ್ದಾರೆ ಎಂದಷ್ಟೇ ಹೇಳಿದ್ದೆವು. ಆದರೆ ಅವರು ದಿನಾ ಮಗನ ಶರ್ಟಿನ ಗುಂಡಿಯನ್ನು ಸೊಸೆ ಹಾಕುವುದನ್ನು ನೋಡುತ್ತಿದ್ದರು. ಹೊಸ್ತಿಲ ಮೇಲೆ ಕುಸಿದು ಕೂತು ಅಳಲು ಶುರು ಮಾಡಿದರು. ಇವರು ಬೀದಿಯಲ್ಲಿ ಸೈಕಲ್ಲು ಹಿಡಿದುಕೊಂಡು ನಿಂತೇ ಇದ್ದರು.

ಕೊನೆಗೆ ಅತ್ತೆಯೇ ದಾರಿ ಹೇಳಿದರು. 'ಒಂದ್ನ ಇವತ್ ತಾ. ಇನ್ನೊಂದು ಅಮಾಸೆ ಕಳೀಲಿ, ಆಮೇಲ್ ತಾ. ಜೋಡಿಯಾಗ್ ಮಾತ್ರ ಹೊಸ್ಲು ದಾಟ್ಕೂಡ್ದು.' ಅದರಂತೆ ಒಂದನ್ನು ಒಳಗೆ ತಂದು, ಇನ್ನೊಂದನ್ನು ಇವರು ಅಂಗಡಿಗೆ ವಾಪಸ್ಸು ತಳ್ಳಿಕೊಂಡು ಹೋದರು. ಎತ್ತಿಡು, ಬರ್ತೀನಿ ಎಂದು ಹೇಳಿ ಬಂದರು.

ಅಮಾವಾಸ್ಯೆ ಕಳೆದು ಹೋಗುವಷ್ಟರಲ್ಲಿ ಅದು ಯಾರದೋ ಮದುವೆ ಚಪ್ಪರಕ್ಕೆ ಹೋಗಿತ್ತು. ಅಂಗಡಿಯವನು ಪೇಚಾಡಿಕೊಂಡು, ಹೊಸ ಲೋಡಿನಲ್ಲಿ ಬಂದ ಬೊಂಬುಗಳಲ್ಲಿ ಅದೇ ದಪ್ಪದ, ಅದೇ ಬಣ್ಣದ ಒಂದನ್ನು ಹುಡುಕಿ ಕೊಟ್ಟ. ಮೊದಲಾಗಿದ್ದರೆ ಇವರು ಬೊಂಬನ್ನು ನೆಲಕ್ಕೆ ಊರಿ, ಮೈಭಾರ ಪೂರ್ತಿ ಹಾಕಿ, ಬಗ್ಗಿಸಿ ನೋಡಿಯೇ ತರುತ್ತಿದ್ದರು. ಈಗ ಕೈಯಲ್ಲಿ ಅಷ್ಟು ಬಲವಿರಲಿಲ್ಲ. ಕಣ್ಣಿನಲ್ಲಿ ಅಳೆದು ತಂದರು. ಆಷಾಢ ಹತ್ತಿರ ಬಂದಿತ್ತು. ಇನ್ನೊಂದು ಲೋಡಿಗೆ ಕಾಯುವ ಹಾಗಿರಲಿಲ್ಲ.

ಕುಣಿಗಲ್ಲಿನ ಕೊಟ್ಟಿಗೆಯಲ್ಲಿ ನಾನು, ತಮ್ಮ, ಇವರು ಕೂತು ಬೂಮು ಮಾಡಿದೆವು. ತೆಂಗಿನ ಸೋಗೆಯ ಬೆಂಕಿಗೆ ಬೊಂಬು ಹಿಡಿದು, ನಾನು ಒಂದು ತುದಿಯನ್ನು ಕಾಲಿನಲ್ಲಿ ಒತ್ತಿಕೊಂಡು, ತಮ್ಮ ಇನ್ನೊಂದು ತುದಿ ಎಳೆದು ಬಗ್ಗಿಸಿದೆವು. ಸೈಕಲ್ ಟ್ಯೂಬನ್ನು ಪಟ್ಟಿಪಟ್ಟಿಯಾಗಿ ಸೀಳಿ ಉದ್ದಕ್ಕೂ ಸುತ್ತಿದೆವು, ಕೈ ಜಾರಬಾರದೆಂದು. ಇವರು ಜಗಲಿಯ ಮೇಲೆ ಕೂತು ಯಜಮಾನಿಕೆ ಮಾಡಿದರು. 'ಭಾವ, ನೀವು ಬರೀ ಬಾಯಲ್ಲೇ ಬೂಮ್ ಮಾಡ್ತಿದೀರಲ್ಲ' ಎಂದು ತಮ್ಮ ಛೇಡಿಸಿದ. 'ನಿಮ್ಮಕ್ಕನ್ನ ಇಪ್ಪತ್ ವರ್ಷ ಬಾಳಿಸ್ತಿರೋದೂ ಬಾಯಲ್ಲೇ ಕಣ್ಲಾ' ಎಂದರು.

ಗಾಳಿ ಎದ್ದ ದಿನ ಬಂತು. ತಮ್ಮ ಮತ್ತು ನಾನು ಎದೆಮಟ್ಟ ನೀರಿನಲ್ಲಿ ನಿಂತು ಹಲಗೆ ಹಿಡಿದುಕೊಂಡೆವು. ಇವರು ಹತ್ತಿದರು. ಎರಡು ಸಲ ಬಿದ್ದರು. ಮೂರನೇ ಸಲ ಪಟ ಎತ್ತಿ, ಬೂಮಿನ ಮೇಲೆ ಎರಡೂ ಕೈ ಇಟ್ಟು, ಹಿಂದಕ್ಕೆ ವಾಲಿದರು. ಹಲಗೆ ನಮ್ಮ ಕೈಯಿಂದ ಕಿತ್ತುಕೊಂಡು ಹೋಯಿತು.

ಹೇಗೆ ಹೇಳಲಿ? ನಾನು ಅವರನ್ನು ಮದುವೆಯ ದಿನದಿಂದ ನೋಡಿದ್ದೇನೆ. ಊಟಕ್ಕೆ ಕೂತಾಗ, ಜ್ವರ ಬಂದಾಗ, ಮಕ್ಕಳಿಗೆ ಸೀಟಿ ಊದುವಾಗ. ಆ ಬೆನ್ನನ್ನು ನಾನು ಅವತ್ತೇ ಮೊದಲು ನೋಡಿದ್ದು. ಗಾಳಿ ಅವರನ್ನು ಎತ್ತಿಕೊಂಡು ಹೋಗಲು ಎಳೆಯುತ್ತಿತ್ತು, ಇವರು ಅದನ್ನು ತಮ್ಮ ಕಡೆ ಎಳೆದುಕೊಳ್ಳುತ್ತಿದ್ದರು. ಕ್ಲಚ್ ಒತ್ತಲಾಗದ ಕೈ ಅದು. ಮುಳುಗಿದ ಜಾಲಿ ಮರಗಳನ್ನು ದಾಟಿದರು. ಆಚೆ ದಡದಲ್ಲಿ ಬಟ್ಟೆ ಒಗೆಯುತ್ತಿದ್ದ ಹೆಂಗಸರು ಎದ್ದು ನಿಂತರು. ತಮ್ಮ ನೀರಿನಲ್ಲೇ ಕುಣಿಯುತ್ತಿದ್ದ. 'ಅಕ್ಕಾ, ಭಾವ ಹೋಗೇಬುಟ್ರು ಕಣಕ್ಕಾ!'

ಅರ್ಧ ಕೆರೆಗಿಂತ ಸ್ವಲ್ಪ ಆಚೆ ಹೋಗಿದ್ದರು. ಗಾಳಿ ಒಂದು ಸಲ ಬಲವಾಗಿ ಬೀಸಿತು. ಒಲೆಯಲ್ಲಿ ಹಸಿ ಸೌದೆ ಸಿಡಿದ ಹಾಗೆ ಶಬ್ದ ಬಂತು. ಪಟ ಮಡಚಿಕೊಂಡು ಬಿತ್ತು. ಎರಡನೇ ಲೋಡಿನ ಆ ಎಳೆ ಬೊಂಬು ಉದ್ದಕ್ಕೆ ಸೀಳಿಹೋಗಿತ್ತು.

ಮೀನು ಹಿಡಿಯುವವರ ತೆಪ್ಪದಲ್ಲಿ ತಮ್ಮ ಹೋಗಿ ಕರೆತಂದ. ಸೀಳು ಅವರ ಬಲ ಅಂಗೈಯನ್ನು ಹೆಬ್ಬೆರಳಿನ ಬುಡದಿಂದ ಆಚೆವರೆಗೆ ಕುಯ್ದಿತ್ತು. ರಕ್ತ ಸುರಿಯುತ್ತಿದ್ದರೂ ನಗುತ್ತಿದ್ದರು. 'ನೋಡಿದ್ಯೇನೇ? ಬೂಮ್ ಮುರೀತು, ನಾನ್ ಕೈ ಬಿಡ್ಲಿಲ್ಲ' ಎಂದರು. ಅಂಗೈಗೆ ಹೊಲಿಗೆ ಬಿದ್ದವು. ಅದು ಮಾಯುವಷ್ಟರಲ್ಲಿ ಆಷಾಢ ಮುಗಿದು ಗಾಳಿ ನಿಂತಿತು. ಕೆರೆ ಕನ್ನಡಿಯಂತೆ ಮಲಗಿತು. ಮುಂದಿನ ಗಾಳಿಗೆ ಒಂದು ವರ್ಷ. ಅವರ ಕೈಯಲ್ಲಿ ಒಂದು ವರ್ಷದ ಬಲ ಉಳಿದಿರಲಿಲ್ಲ. ಇಬ್ಬರಿಗೂ ಗೊತ್ತಿತ್ತು.

ನನಗೆ ಅತ್ತೆಯ ಮೇಲೆ ಬಂದ ಸಿಟ್ಟನ್ನು ನಾನು ಮುಚ್ಚಿಟ್ಟುಕೊಳ್ಳಲಿಲ್ಲ. ಜೋಡಿ ಒಳಗೆ ಬಿಟ್ಟಿದ್ದರೆ ಬೂಮು ಮುರಿಯುತ್ತಿರಲಿಲ್ಲ ಎಂದು ಪಾತ್ರೆ ಕುಕ್ಕಿದಾಗಲೆಲ್ಲ ಅಂದೆ. ಅತ್ತೆ ಒಂದು ದಿನವೂ ಎದುರು ಮಾತಾಡಲಿಲ್ಲ, ನನಗೆ ಅದೂ ಸಿಟ್ಟೇ. ಈಗ ನನಗೂ ಅವರ ವಯಸ್ಸಾಗಿದೆ. ಮಗಳು ಒಂದು ಸಲ ಕೆಮ್ಮಿದರೆ ಇಲ್ಲಿ ನನಗೆ ನಿದ್ದೆ ಬರುವುದಿಲ್ಲ. ಅವರ ಬಾಗಿಲಿಗೆ ಮಗನೇ ಜೋಡಿ ಬೊಂಬು ತಂದು ನಿಂತಿದ್ದ. ಅವರು ಇನ್ನೇನು ಮಾಡಬೇಕಿತ್ತು? ಮಗನನ್ನು ಉಳಿಸಿಕೊಳ್ಳಲು ಅವರಿಗೆ ತಿಳಿದ ಒಂದೇ ಉಪಾಯ ಅದು. ಅದರಿಂದಲೇ ಮಗ ಕೇಳಿದ್ದ ಒಂದೇ ಒಂದು ಆಟ ಕೈತಪ್ಪಿತು. ಯಾರನ್ನು ಬೈಯಲಿ? ಅವರೂ ಹೋದರು, ಇವರೂ ಹೋದರು.

ಆ ವರ್ಷ ಪೂರ್ತಿ ಕೈ ಇಳಿಯುತ್ತಾ ಹೋಯಿತು. ಚಳಿಗಾಲಕ್ಕೆ ಮುದ್ದೆ ಮುರಿಯಲು ಆಗಲಿಲ್ಲ. ನಾನು ತುತ್ತು ಮಾಡಿ ಇಡುತ್ತಿದ್ದೆ. ಯುಗಾದಿಯ ಹೊತ್ತಿಗೆ ಸ್ಕೂಲಿಗೆ ಹೋಗುವುದು ನಿಂತಿತು. ಅಂಥ ಸಮಯದಲ್ಲಿ ಒಂದು ಪಾರ್ಸೆಲ್ ಬಂತು. ಶಿಬಿರದ ಸಾಹೇಬರಿಗೆ ಇವರು ಫೋನಿನಲ್ಲಿ ತಮ್ಮ ಸಂಗತಿಯನ್ನೆಲ್ಲ ಹೇಳಿದ್ದರಂತೆ. ಅವರು ಎಲ್ಲೆಲ್ಲೋ ಹುಡುಕಿ ಒಂದು ಅಸಲಿ ಬೂಮು ಕಳಿಸಿದ್ದರು. ಸಣ್ಣ ಕೈಯವರಿಗೆಂದೇ ಮಾಡಿದ್ದು. ಮೇಲೆ ಕರಿ ರಬ್ಬರು, ಒಳಗೆ ಒಳ್ಳೆ ಜಾತಿಯ ಅಲ್ಯುಮಿನಿಯಂ. ನಾನು ಹತ್ತಿ ನಿಂತು ಕುಣಿದರೂ ಬಗ್ಗಲಿಲ್ಲ. ನಾವು ಊರೆಲ್ಲ ಹುಡುಕಿದ್ದು ಇದನ್ನೇ.

ಅತ್ತೆ ಬಾಗಿಲಿಗೆ ಬಂದು, 'ಇದೂ ಜೋಡೀನೇನೋ?' ಎಂದು ಅಂಜುತ್ತಾ ಕೇಳಿದರು. 'ಇಲ್ಲ ಕಣವ್ವಾ, ತುದಿ ಕೂಡೈತೆ ನೋಡು, ಒಂದೇ' ಎಂದರು ಇವರು. ಅತ್ತೆ ಬೂಮಿಗೆ ಅರಿಶಿನ ಕುಂಕುಮ ಇಟ್ಟು ಒಳಗೆ ಕರೆದುಕೊಂಡರು, ಹೊಸ ಸೊಸೆಯನ್ನು ಕರೆದುಕೊಂಡ ಹಾಗೆ. ನನ್ನನ್ನೂ ಅಷ್ಟು ಅಕ್ಕರೆಯಿಂದ ಕರೆದುಕೊಂಡಿರಲಿಲ್ಲ.

ಆಷಾಢ ಬಂತು. ತಮ್ಮ ಒಂದು ವ್ಯಾನು ಮಾಡಿಕೊಂಡು ಬಂದು ನಮ್ಮನ್ನು ಕುಣಿಗಲ್ಲಿಗೆ ಕರೆದುಕೊಂಡು ಹೋದ. ಕೆರೆಯ ಅಂಚಿನಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿ ಇವರನ್ನು ಕೂರಿಸಿದೆವು. ಹಲಗೆಗೆ ಕಂಬ ನಿಲ್ಲಿಸಿ, ಪಟ ಏರಿಸಿ, ಹೊಸ ಬೂಮು ಬಿಗಿದು, ಅವರ ತೊಡೆಯ ಮಟ್ಟಕ್ಕೆ ತಂದು ಹಿಡಿದೆವು.

'ಬೆರಳು ಸುತ್ತಿಡೇ' ಎಂದರು.

ನಾನು ನೆಲದ ಮೇಲೆ ಕೂತು ಅವರ ಬೆರಳುಗಳನ್ನು ಒಂದೊಂದಾಗಿ ಮಡಚಿ ಬೂಮಿನ ಸುತ್ತ ಕೂಡಿಸಿದೆ. ಎಷ್ಟು ಸರಿಯಾಗಿ ಕೂತವು ಗೊತ್ತೇ? ಅಳತೆ ತೆಗೆದು ಮಾಡಿಸಿದ ಹಾಗೆ. ಮೇಲಿಂದ ನನ್ನ ಕೈ ಒತ್ತಿ ಹಿಡಿದಿದ್ದೆ. 'ಈಗ ನಿನ್ ಕೈ ತೆಗಿ' ಎಂದರು. ತೆಗೆದೆ. ಬೆರಳುಗಳು ತಾವೇ ಮೆಲ್ಲಗೆ ಬಿಚ್ಚಿಕೊಂಡವು. ಇನ್ನೊಂದು ಸಲ ಎಂದರು. ಇನ್ನೊಂದು ಸಲ ಕೂಡಿಸಿದೆ. ಬಿಚ್ಚಿಕೊಂಡವು. ತಮ್ಮ ಮುಖ ತಿರುಗಿಸಿ ಏರಿಯ ಕಡೆ ನಡೆದ. ಮೂರನೇ ಸಲ ನಾನು ನನ್ನ ಕೈ ತೆಗೆಯಲೇ ಇಲ್ಲ. ಇವರೂ ತೆಗಿ ಎನ್ನಲಿಲ್ಲ. ಗಾಳಿ ಪಟವನ್ನು ಪಟಪಟ ಬಡಿಯುತ್ತಿತ್ತು. ಅಷ್ಟು ಒಳ್ಳೆ ಗಾಳಿ ಹಿಂದಿನ ವರ್ಷ ಇರಲಿಲ್ಲ.

ನನಗೆ ಏನು ತೋಚಿತೋ ಕಾಣೆ. ಎದ್ದು ಸೀರೆಯನ್ನು ಕಚ್ಚೆ ಹಾಕಿಕೊಂಡೆ. 'ಹಲ್ಗೆ ಹಿಡ್ಕೊಳ್ಳೋ' ಎಂದು ತಮ್ಮನನ್ನು ಕೂಗಿ ಕರೆದೆ. ನನಗೆ ಈಜು ಬರುತ್ತಿತ್ತು, ಆ ಕೆರೆಯಲ್ಲೇ ಕಲಿತದ್ದು. ಹತ್ತಿದೆ, ಬಿದ್ದೆ. ಹತ್ತಿದೆ, ಬಿದ್ದೆ. ಇವರು ಕುರ್ಚಿಯಿಂದಲೇ ಸ್ಕೂಲಿನ ಮೈದಾನದಲ್ಲಿ ಕೂಗುವ ಹಾಗೆ ಕೂಗುತ್ತಿದ್ದರು. 'ಕಾಲ್ ಅಗಲ್ಸೇ! ಹಿಂದಕ್ ವಾಲು! ಬೂಮ್ನ ತಬ್ಕೋಬೇಡ, ನಿನ್ ಕೂಸು ಅಲ್ಲ ಅದು!' ಬಹಳ ತಿಂಗಳ ಮೇಲೆ ಅವರ ಆ ದನಿ ಕೇಳಿದೆ. ಕೊನೆಗೊಂದು ಸಲ ಪಟದೊಳಗೆ ಗಾಳಿ ತುಂಬಿತು. ತೋಳು ಭುಜದಿಂದ ಕಿತ್ತುಹೋಗುವ ಹಾಗೆ ಎಳೆಯಿತು. ಹಲಗೆ ಓಡಿತು. ಬಹಳವೇನಿಲ್ಲ, ಒಂದು ತೆಂಗಿನ ಮರ ಅಡ್ಡ ಮಲಗಿಸಿದಷ್ಟು ದೂರ. ಅಷ್ಟರಲ್ಲಿ ನನಗೆ ಅರ್ಥವಾಯಿತು, ಈ ಮನುಷ್ಯ ಒಂದು ತಿಂಗಳು ಏನನ್ನು ಹೇಳಿ ಹೇಳಿ ಮುಗಿಸಲಾಗದೇ ಹೋದರು ಎಂದು. ಆಮೇಲೆ ಬಾಯಿ ತುಂಬ ಕೆರೆ ನೀರು.

ಸೀರೆ ಹಿಂಡಿಕೊಳ್ಳುತ್ತಾ ದಡಕ್ಕೆ ಬಂದೆ. ಇವರ ಕೂಗು ಯಾವಾಗಲೋ ನಿಂತಿತ್ತು. ಮಡಿಲಲ್ಲಿ ಎರಡೂ ಕೈ ಮೇಲ್ಮುಖವಾಗಿ ಬಿದ್ದಿದ್ದವು. ಕಣ್ಣೊರೆಸಿಕೊಳ್ಳಲು ಆಗುತ್ತಿರಲಿಲ್ಲ, ಹಾಗೇ ಬಿಟ್ಟಿದ್ದರು. ನಾನು ನನ್ನ ಒದ್ದೆ ಸೆರಗಿನಿಂದಲೇ ಒರೆಸಲು ಹೋದೆ. ನಗಿಸೋಣವೆಂದುಕೊಂಡು, 'ಏನ್ರೀ, ನಿಮ್ ಬದ್ಲು ನಾನ್ ಹೋಗ್ಬಂದೆ ಕಣ್ರೀ' ಎಂದೆ.

ಇವರು ಮುಖ ಆಚೆ ತಿರುಗಿಸಿ ಅಂದರು: 'ನನ್ ಬದ್ಲು ಮದ್ವೆಗಳಿಗ್ ಹೋಗು, ನನ್ ಬದ್ಲು ಓಟ್ ಹಾಕು, ನಾಳೆ ನನ್ ಬದ್ಲು ಪೆನ್ಷನ್ನೂ ನೀನೇ ತಗೊ. ಇದೊಂದನ್ನ ಮಾತ್ರ ನನ್ ಬದ್ಲು ಮಾಡ್ಬೇಡ ಕಣೇ.'